ಮೂವತ್ತೆರಡು ಮೆಟ್ಟಿಲು

ಸ್ಟೋನ್ ಹಾರ್ಬರ್, ವಿಸ್ಕಾನ್ಸಿನ್
ಜನವರಿ 14, 2019

ಪ್ರಿಯ ಲೈಲ್,

ಈ ಅಕ್ಷರ ನಿನಗೆ ಗುರುತು ಸಿಗಲಿಕ್ಕಿಲ್ಲ. ನಾನು ಆರ್ವಿಡ್ ನೀಮಿ. ನೀನು ಪೈನ್ಸ್ ಬೇಸ್‌ಬಾಲ್ ತಂಡಕ್ಕೆ ಚೆಂಡು ಎಸೆಯುತ್ತಿದ್ದ ಎರಡು ವರ್ಷ ಟೆಲಿಗ್ರಾಫ್ ಪತ್ರಿಕೆಗೆ ನಿಮ್ಮ ಆಟದ ವರದಿ ಬರೆಯುತ್ತಿದ್ದವನು. ಒಂದು ಚಳಿಗಾಲ ಇಬ್ಬರೂ ಹಿಮಗಟ್ಟಿದ ಕೆರೆಯ ಮೇಲೆ ಒಂದೇ ತೂತಿನ ಎರಡು ಬದಿಗೆ ಕೂತು ಮೀನು ಹಿಡಿದಿದ್ದೆವು. 1973ರ ಸೆಪ್ಟೆಂಬರಿನಲ್ಲಿ ಚೆಂಡು ಎಸೆಯಲಾಗದಂತೆ ನಿನ್ನ ಕೈ ಕೆಟ್ಟಿತು, ನೀನು ರೆಡ್ ಪಾಯಿಂಟಿಗೆ ನಿಮ್ಮ ಒಜಿಬ್ವೆ ಬುಡಕಟ್ಟಿನ ಮೀಸಲು ನೆಲಕ್ಕೆ ವಾಪಸಾದೆ. ನಲವತ್ತು ಮೈಲಿ. ನಾನು ಒಮ್ಮೆಯೂ ಬರಲಿಲ್ಲ.

ಬರೆಯಲು ಕಾರಣವಿದೆ. ನಮ್ಮ ಮೈದಾನದಲ್ಲಿ ಎದುರಾಳಿಯ ಆಟಗಾರ ಮೂರು ಚೆಂಡಿಗೂ ಬ್ಯಾಟು ತಾಗಿಸಲಾಗದೆ ಔಟಾದರೆ ಧ್ವನಿವರ್ಧಕದಲ್ಲಿ ಇಂದಿಗೂ, ಶತ್ರುವಿನ ನೆತ್ತಿಯ ಚರ್ಮ ಕೂದಲ ಸಮೇತ ಕೊಯ್ದು ತಂದ ಹಾಗೆ, ‘ಇನ್ನೊಂದು ಜುಟ್ಟು’ ಎಂದೇ ಕೂಗುತ್ತಾರೆ. ಬೇಲಿಗೆ ಇಂದಿಗೂ ಕಪ್ಪು ಉಣ್ಣೆಯ ಜಡೆ ನೇತುಹಾಕುತ್ತಾರೆ, ಔಟಾದವನಿಗೊಂದು. ಇದನ್ನು ನಿಲ್ಲಿಸಬೇಕೆಂದು ಪ್ರೌಢಶಾಲೆಯ ಚರಿತ್ರೆಯ ಮೇಡಂ ಒಬ್ಬರು ಆರುನೂರು ಸಹಿ ಮಾಡಿಸಿ ಕ್ಲಬ್ಬಿಗೆ ಕೊಟ್ಟಿದ್ದಾರೆ. ಏಪ್ರಿಲ್ 27ಕ್ಕೆ ಬಹಿರಂಗ ಸಭೆ. ಆಮೇಲೆ ಕ್ಲಬ್ಬಿನ ಏಳು ಜನ ಮತ ಹಾಕುತ್ತಾರೆ.

ಕಳೆದ ವಾರ ಕ್ಲಬ್ಬಿನ ಅಧ್ಯಕ್ಷ ಡ್ವೇನ್ ಕ್ರಾಲ್ ಮನೆಗೆ ಬಂದಿದ್ದ. ಒಂದು ಟೀ-ಶರ್ಟ್ ತಂದಿದ್ದ. ಅದರ ಎದೆಯ ಮೇಲೆ ಅಚ್ಚಾಗಿರುವುದು ನಿನ್ನ ಮಾತು: ‘ನನ್ನ ಗುಡಾರದ ಕಂಬಕ್ಕೆ ಇನ್ನೂ ನಲವತ್ತು ಜುಟ್ಟು ಬೇಕು. ನೋಡಿದ್ದರೆ ನನ್ನ ತಾತ ನಗುತ್ತಿದ್ದ.’ ಕೆಳಗೆ ನಿನ್ನ ಹೆಸರು.

“ಅವರವನೇ ಹೇಳಿದ ಮಾತು ಸಾರ್ ಇದು, ನಾವೇನು ಕಟ್ಟಿದ್ದಲ್ಲ,” ಅಂದ. “ನೀವು ಸಭೇಲಿ ಎದ್ದು ನಿಂತು, ಹೌದು, ಅವ ನನ್ನೆದುರಿಗೇ ಹೇಳ್ದ ಅಂತ ಒಂದ್ ಮಾತು ಅಂದ್ಬಿಟ್ರೆ ಸಾಕು. ಮೇಡಂ ಬಾಯಿ ಮುಚ್ಚುತ್ತೆ.”

ಆ ದಿನದ ನೆನಪು ನನಗೆ ಅಷ್ಟು ಸ್ಪಷ್ಟವಿಲ್ಲ. ಮಾತು ಬರೆದುಕೊಳ್ಳುವಾಗ ಒಂದೆರಡು ಪದ ಆಚೀಚೆ ಆಗಿದ್ದೀತು. ನಿನಗೆ ನೆನಪಿದೆಯೇ? ಅಂಥದ್ದೇನಾದರೂ ಹೇಳಿದ್ದೆಯಾ? ಒಂದು ಸಾಲು ಬರೆದರೆ ಸಾಕು.

ಹಳೆಯ ಗೆಳೆಯ,
ಆರ್ವಿಡ್


ರೆಡ್ ಪಾಯಿಂಟ್
ಫೆಬ್ರವರಿ 9

ಶ್ರೀ ನೀಮಿಯವರಿಗೆ,

ಪತ್ರ ತಲುಪಿತು. ಹೌದು, ನಾನು ಹೇಳಿದ್ದೆ. ಪತ್ರಿಕೆಯಲ್ಲಿ ಬಂದಿದೆಯಲ್ಲ.

ಇಲ್ಲಿ ಕೆರೆಯ ಮೇಲೆ ಈ ಸಲ ಹಿಮ ಮೂವತ್ತು ಅಂಗುಲ ದಪ್ಪ ಕಟ್ಟಿದೆ. ಮೀನು ಕಡಿಮೆ.

ಲೈಲ್ ಡೆರಗಾನ್


ಸ್ಟೋನ್ ಹಾರ್ಬರ್
ಫೆಬ್ರವರಿ 20

ಪ್ರಿಯ ಲೈಲ್,

ನಿಮ್ಮ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ನಾಲ್ಕು ಸಲ ಓದಿದೆ. ನನಗೆ ಬೇಕಾಗಿದ್ದ ಸಾಲು ಅದೇ. ಅದನ್ನು ಜೇಬಿನಲ್ಲಿಟ್ಟುಕೊಂಡು ಸಭೆಗೆ ಹೋಗಿ ಓದಿ ಬಂದುಬಿಡಬಹುದಾಗಿತ್ತು. ಒಂದು ವಾರ ಅದನ್ನೇ ಯೋಚಿಸಿದೆ. ಅದನ್ನೂ ನಿಮಗೆ ಹೇಳಬೇಕು.

ನೀವು ಅದನ್ನು ಹೇಳಿರಲಿಲ್ಲ. ಹೇಳಿರಲಿಲ್ಲ ಎಂದು ನಿಮಗಿಂತ ಚೆನ್ನಾಗಿ ನನಗೆ ಗೊತ್ತು. ಹೋದ ಪತ್ರದಲ್ಲಿ ನೆನಪು ಮಸುಕು ಎಂದು ಬರೆದದ್ದು ಸುಳ್ಳು. ಆ ಮಧ್ಯಾಹ್ನದ ಪ್ರತಿ ನಿಮಿಷ ನೆನಪಿದೆ.

ಆಗಸ್ಟ್ 11, ಶನಿವಾರ. ನೀವು ಹದಿಮೂರು ಜನರನ್ನು ಔಟ್ ಮಾಡಿದಿರಿ. ಆಟ ಮುಗಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ಐದಕ್ಕೆ ನನ್ನ ಹೆಂಡತಿಯ ತಮ್ಮನ ಮದುವೆ, ಚರ್ಚು ಊರಿನ ಇನ್ನೊಂದು ತುದಿಯಲ್ಲಿ. ಸೂಟು ಮೈದಾನದ ಪತ್ರಕರ್ತರ ಕೋಣೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿತ್ತು. ಆ ಕೋಣೆಯಿಂದ ಆಟಗಾರರು ಬಟ್ಟೆ ಬದಲಿಸುವ ಕೋಣೆಗೆ ಮೂವತ್ತೆರಡು ಮೆಟ್ಟಿಲು. ಕೆಳಗಿಳಿದು, ನಿಮ್ಮನ್ನು ಮಾತಾಡಿಸಿ, ಮತ್ತೆ ಹತ್ತಿ ಬಂದು ಬರೆಯಲು ಹೊತ್ತಿರಲಿಲ್ಲ. ಹೊತ್ತಿತ್ತು. ಮದುವೆಗೆ ತಡವಾಗುತ್ತಿತ್ತು, ಅಷ್ಟೆ.

‘ಜುಟ್ಟು’ ಎಂಬ ಪದ ಆಗಲೇ ವರದಿಯಲ್ಲಿ ಹಾಕಿಯಾಗಿತ್ತು. ನಿಮ್ಮನ್ನು ‘ಚೀಫ್’ ಎಂದು, ಬುಡಕಟ್ಟಿನ ಮುಖಂಡ ಎಂಬ ಹಾಗೆ, ಕರೆದದ್ದೂ ನಾನೇ, ಹಿಂದಿನ ವರ್ಷ. ನಿಮ್ಮವರು ಯಾರೇ ಆಡಲು ಬಂದರೂ ಎಲ್ಲ ಊರಿನ ವರದಿಗಾರರೂ ಹಾಗೇ ಬರೆಯುತ್ತಿದ್ದರು, ನಾನು ಯೋಚಿಸಲಿಲ್ಲ. ಪದಕ್ಕೆ ಆಸರೆಯಾಗಿ ನಿಮ್ಮದೊಂದು ಮಾತು ಬೇಕಿತ್ತು. ಟೈ ಕಟ್ಟಿಕೊಳ್ಳುತ್ತ ಅದನ್ನು ಕಟ್ಟಿದೆ. ಕಚೇರಿಯಲ್ಲಿದ್ದ ಉಪಸಂಪಾದಕನಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವನು ನಕ್ಕು, “ಒಳ್ಳೇ ಆಸಾಮಿ ಕಣಯ್ಯ ನಿನ್ನ ಚೀಫು,” ಅಂದ. ನನಗೆ ಸಂತೋಷವಾಯಿತು. ಮರುವಾರ ಹುಲ್ಲು-ಹಿಂಡಿ ಅಂಗಡಿಯವನು ಬೇಲಿಗೆ ಮೊದಲ ಉಣ್ಣೆ ಜಡೆ ಕಟ್ಟಿದ.

ಆ ಪತ್ರಕರ್ತರ ಕೋಣೆಗೆ ಈಗ ನನ್ನ ಹೆಸರಿದೆ. ಹಿತ್ತಾಳೆ ಫಲಕ, ಬಾಗಿಲ ಮೇಲೆ.

ಸಭೆಯಲ್ಲಿ ಇದನ್ನೆಲ್ಲ ಹೇಳಬೇಕೆಂದಿದ್ದೇನೆ. ಆದರೆ ಒಂದು ಅರ್ಥವಾಗುತ್ತಿಲ್ಲ. ಹೇಳದ ಮಾತನ್ನು ಹೇಳಿದೆ ಎಂದು ನೀವೇಕೆ ಬರೆದಿರಿ?

ಆರ್ವಿಡ್ ನೀಮಿ


ರೆಡ್ ಪಾಯಿಂಟ್
ಮಾರ್ಚ್ 24

ಶ್ರೀ ನೀಮಿಯವರಿಗೆ,

ಮೇಪಲ್ ಮರಗಳ ರಸ ಇಳಿಯುವ ಕಾಲ. ಅದನ್ನು ಪಾಕಕ್ಕೆ ಕಾಯಿಸುವ ಒಲೆಯ ಮುಂದೆ ಕೂತು ಬರೆಯುತ್ತಿದ್ದೇನೆ, ಕಾಗದಕ್ಕೆ ಹೊಗೆ ವಾಸನೆ ಹಿಡಿದಿದ್ದರೆ ಅದಕ್ಕೆ. ಇಷ್ಟು ದಿನ ಉತ್ತರ ಬರೆಯದಿದ್ದುದು ಕೆಲಸದಿಂದಲ್ಲ.

ನೀವು ಕೇಳಿದ್ದಕ್ಕೆ ಹೇಳುತ್ತೇನೆ.

ಆ ಭಾನುವಾರ ನಾನು ಊರಿಗೆ ಬಂದಿದ್ದೆ. ನನ್ನ ಸೋದರಮಾವ ಫ್ರಾಂಕ್ ಜಗಲಿಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದ. ನನ್ನನ್ನು ಬೆಳೆಸಿದವನು ಅವನೇ, ಚೆಂಡು ಹಿಡಿಯುವ ಮೊದಲ ಕೈಗವಸು ಹೊಲಿದುಕೊಟ್ಟವನೂ ಅವನೇ.

“ಇದು ನೀನಂದಿದ್ದಾ?”

“ಇಲ್ಲ ಮಾವ. ನನ್ನ ಯಾರೂ ಏನೂ ಕೇಳೇ ಇಲ್ಲ.”

“ಯಾರು ಯಾರ ಜುಟ್ಟು ಕೊಯ್ದಿದ್ದು, ನಮ್ಮೋರ ಜುಟ್ಟಿಗೆ ಬಿಳಿಯೋರು ದುಡ್ಡು ಕೊಡ್ತಿದ್ದಿದ್ದು ನಿಂಗೊತ್ತಿಲ್ವಾ? ಹಂಗಿದ್ರೆ ಹೋಗು. ನಾನಂದಿಲ್ಲ ಅಂತ ಪೇಪರ್ನೋರಿಗೆ ಹೇಳ್ಬಿಟ್ಟು ಬಾ.”

ಸೋಮವಾರ ತಂಡದ ಮ್ಯಾನೇಜರ್ ಹತ್ತಿರ ಹೋದೆ. ಅವನು ಹೊಗೆಸೊಪ್ಪು ಜಗಿಯುತ್ತ, “ಸುಮ್ನಿರೋ ಚೀಫ್. ಜನ ಈಗಷ್ಟೇ ನಿನ್ನ ಇಷ್ಟಪಡೋಕೆ ಶುರು ಮಾಡಿದಾರೆ. ನಿನ್ನ ಜಾಗಕ್ಕೆ ಇಬ್ರು ಹುಡುಗ್ರು ಕಾದು ಕೂತಿದಾರೆ ಗೊತ್ತಲ್ಲ?” ಅಂದ. ಪತ್ರಿಕೆಯ ಕಚೇರಿಯ ಬಾಗಿಲವರೆಗೂ ಹೋದೆ. ಗಾಜಿನೊಳಗಿಂದ ನೀವು ಕಂಡಿರಿ, ಬೆನ್ನು ಮಾಡಿಕೊಂಡು ಟೈಪು ಮಾಡುತ್ತಿದ್ದಿರಿ. ವಾಪಸು ಬಂದೆ.

ಮುಂದಿನ ಸಲ ಮಾವ ಕೇಳಿದಾಗ, “ಹೂಂ, ನಾನೇ ಅಂದಿದ್ದು,” ಅಂದೆ. ಬಾಗಿಲವರೆಗೂ ಹೋಗಿ ಬಾಯಿ ಬರದೆ ತಿರುಗಿ ಬಂದವನು ಅನ್ನಿಸಿಕೊಳ್ಳುವುದಕ್ಕಿಂತ, ಕೊಬ್ಬಿ ಏನೋ ಅಂದವನು ಅನ್ನಿಸಿಕೊಳ್ಳುವುದು ಸಲೀಸಾಗಿ ಕಂಡಿತು. ಮಾವ ಮತ್ತೆ ನನ್ನ ಆಟ ನೋಡಲು ಬರಲಿಲ್ಲ. ಆಟವೂ ಮೂರು ವಾರಕ್ಕೆ ಮುಗಿಯಿತು. ಅವನು ಸಾಯುವವರೆಗೂ ಅದನ್ನು ನಂಬಿದ್ದ. ಆಮೇಲೆ ಜನ ಚೆಂಡು ತಂದು ಸಹಿ ಕೇಳಿದಾಗ ಹೆಸರಿನ ಜೊತೆ ‘ಜುಟ್ಟು’ ಎಂಬ ಪದವನ್ನೂ ಬರೆದುಕೊಟ್ಟಿದ್ದೇನೆ. ಒಂದೆರಡಲ್ಲ.

ನನ್ನ ಮಗಳು ರೋಶೆಲ್ ಇಲ್ಲಿ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಒಜಿಬ್ವೆ ಭಾಷೆ ಕಲಿಸುತ್ತಾಳೆ. ಜನವರಿಯಲ್ಲಿ ಯಾರೋ ಆ ಟೀ-ಶರ್ಟಿನ ಚಿತ್ರ ಅವಳಿಗೆ ಕಳಿಸಿದರು. “ಅಪ್ಪ, ಇದು ನೀನಲ್ಲ ಅನ್ನು,” ಅಂದಳು. ನಲವತ್ತಾರು ವರ್ಷದಿಂದ ಬಾಯಲ್ಲಿದ್ದ ಉತ್ತರವೇ ಬಂತು. “ನಾನೇ. ಹುಡುಗುಬುದ್ಧಿ,” ಅಂದೆ. ಪ್ರತಿ ವರ್ಷ ರಸ ಕಾಯಿಸಲು ಮೊದಲು ಬರುವವಳು ಅವಳು. ಈ ವರ್ಷ ಬಂದಿಲ್ಲ.

ನೀವು ಸಭೆಯಲ್ಲಿ ಎದ್ದು ನಿಂತರೆ ನಿಮ್ಮ ಭಾರ ಇಳಿಯುತ್ತದೆ. ಅಪ್ಪ ತನಗೂ ಸುಳ್ಳು ಹೇಳಿದ ಎಂದು ಅವಳಿಗೆ ಗೊತ್ತಾಗುತ್ತದೆ. ನೀವು ಹೇಳಬೇಡಿ ಎನ್ನುತ್ತಿಲ್ಲ. ಹೇಳಬೇಕೆಂದಿದ್ದೇನೆ ಎಂದು ಬರೆದಿದ್ದೀರಿ. ಹೇಳಲೇ ಎಂದು ಕೇಳಲಿಲ್ಲ. ಆಗಲೂ ಕೇಳಲಿಲ್ಲ.

ಲೈಲ್ ಡೆರಗಾನ್


ಸ್ಟೋನ್ ಹಾರ್ಬರ್
ಏಪ್ರಿಲ್ 2

ಲೈಲ್ ಅವರಿಗೆ,

ನೀವು ಬರೆದದ್ದು ಸರಿ. ಬಾಗಿಲವರೆಗೂ ಬಂದಿದ್ದಿರಿ ಎಂಬುದನ್ನು ಓದಿದ ಮೇಲೆ ಮೂರು ದಿನ ಮೇಜಿನತ್ತ ಹೋಗಲಾಗಲಿಲ್ಲ.

ಕೇಳುತ್ತಿದ್ದೇನೆ: ಸಭೆಯಲ್ಲಿ ಹೇಳಲೇ?

ಬೇಡ ಎಂದರೆ ಹೇಳುವುದಿಲ್ಲ. ಉತ್ತರ ಬಾರದಿದ್ದರೂ ಹೇಳುವುದಿಲ್ಲ. ಡ್ವೇನ್ ಕ್ರಾಲ್ ಕೇಳಿದ ಸಾಕ್ಷಿಯನ್ನಂತೂ ಯಾವ ಕಾರಣಕ್ಕೂ ನುಡಿಯುವುದಿಲ್ಲ. ಅದಕ್ಕೆ ನಿಮ್ಮ ಅಪ್ಪಣೆ ಕಾಯಬೇಕಾಗಿಲ್ಲ.

ಆರ್ವಿಡ್ ನೀಮಿ


ರೆಡ್ ಪಾಯಿಂಟ್
ಏಪ್ರಿಲ್ 22

ನೀಮಿಯವರಿಗೆ,

ಈಸ್ಟರ್ ದಿನ ರೋಶೆಲ್ ಮನೆಗೆ ಹೋಗಿದ್ದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ನಾನು ಒರೆಸುತ್ತ ನಿಂತು ಹೇಳಿದೆ. ನೀರು ನಿಲ್ಲಿಸಿದಳು. “ನಂಗೂ ಸುಳ್ಳೇ ಹೇಳ್ದೆಯಾ?” ಅಂದಳು. ಹೌದು ಅಂದೆ. ಅವಳು ಮತ್ತೆ ನಲ್ಲಿ ತಿರುಗಿಸಿದಳು. ಎಲ್ಲ ತಟ್ಟೆ ಮುಗಿಯುವವರೆಗೆ ಅವಳು ತೊಳೆದಳು, ನಾನು ಒರೆಸಿದೆ. ನಾನು ಹೊರಡುವಾಗ ಬಾಗಿಲಲ್ಲಿ, “ಮುಂದಿನ ವರ್ಷ ರಸ ಕಾಯಿಸೋಕೆ ಬರ್ತೀನೋ ಇಲ್ವೋ, ನೋಡ್ತೀನಿ,” ಅಂದಳು.

ಹೇಳಿ.

ಲೈಲ್ ಡೆರಗಾನ್


ಸ್ಟೋನ್ ಹಾರ್ಬರ್
ಏಪ್ರಿಲ್ 29

ಲೈಲ್ ಅವರಿಗೆ,

ಹೇಳಿದೆ. ಯಾರೂ ನಂಬಲಿಲ್ಲ.

ಶಾಲೆಯ ವ್ಯಾಯಾಮದ ಹಾಲಿನಲ್ಲಿ ಮುನ್ನೂರು ಮಡಿಸುವ ಕುರ್ಚಿ, ಅರ್ಧದಷ್ಟು ಜನರ ಎದೆಯ ಮೇಲೆ ನಿಮ್ಮ ಹೆಸರು. ಚರಿತ್ರೆಯ ಮೇಡಂ ಮೊದಲು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಆದರೆ ಪ್ರತಿ ವಾಕ್ಯಕ್ಕೂ ಹಿಂದಿನ ಸಾಲಿನಿಂದ ಯಾರಾದರೂ, “ಅವನೇ ಅಂದಿದಾನಲ್ಲ ಮೇಡಂ,” ಎನ್ನುತ್ತಿದ್ದರು. ಆಮೇಲೆ ಡ್ವೇನ್ ನನ್ನನ್ನು ಕರೆದ. ಇವರೇ ಈ ಊರಿನ ನಡೆದಾಡುವ ಇತಿಹಾಸ ಅಂತ ಏನೋ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವವರೆಗೂ ಮೈಕಿನ ಮುಂದೆ ನಿಂತಿರಬೇಕಾಯಿತು.

ಮದುವೆ, ಸೂಟು, ಮೆಟ್ಟಿಲು, ಎಲ್ಲವನ್ನೂ ಹೇಳಿದೆ. ಮಾತು ನನ್ನದು, ಪದವೂ ನನ್ನದು ಎಂದೆ.  ಆಮೇಲೆ ಆ ಹುಲ್ಲು-ಹಿಂಡಿ ಅಂಗಡಿಯವನ ತಮ್ಮ ಬಡ್ ಯಾಸ್ಕೆ ಎದ್ದು ನಿಂತ. ನನಗಿಂತ ಎರಡು ವರ್ಷ ದೊಡ್ಡವನು.

“ಲೇ ಆರ್ವಿಡ್, ನಿಂಗೆ ಯಾರೋ ತಲೆ ತಿಂದಿದಾರೆ ಕಣೋ. ಆ ಪೇಪರ್ ನಮ್ಮನೆ ಪೆಟ್ಟಿಗೇಲಿದೆ. ಅಚ್ಚಾಗಿರೋದು ಸುಳ್ಳಾ, ನೀನು ಈಗ ಬೊಗಳ್ತಿರೋದು ನಿಜಾನಾ?”

“ಅಚ್ಚಾಗಿರೋದೇ ಸುಳ್ಳು ಬಡ್. ಅಚ್ಚು ಹಾಕ್ಸಿದ್ದು ನಾನು.”

“ಆಗ ನಿಂಗೆ ಮೂವತ್ತೊಂದು. ಈಗ ಎಪ್ಪತ್ತೇಳು. ಯಾವನನ್ನ ನಂಬೋದು?” ಎಂದ. ಜನ ನಕ್ಕರು. ಕೆಟ್ಟ ನಗುವೇನಲ್ಲ, ವಯಸ್ಸಾದವನ ಮೇಲೆ ಕನಿಕರ ತೋರಿಸುವ ನಗು. ಡ್ವೇನ್ ಬಂದು ಮೊಣಕೈ ಹಿಡಿದು ನನ್ನನ್ನು ಕುರ್ಚಿಗೆ ಕರೆದುಕೊಂಡು ಹೋದ. “ನೀರು ಕುಡೀರಿ ಸಾರ್,” ಅಂದ.

ನಾಲ್ಕಕ್ಕೆ ಮೂರು ಮತದಿಂದ ಪದವನ್ನು ಕೈಬಿಟ್ಟರು, ಜಡೆಗಳನ್ನೂ ಇಳಿಸುತ್ತಾರೆ. ನನ್ನ ಮಾತಿನಿಂದಲ್ಲ. ಆಟವನ್ನು ಟೀವಿಯಲ್ಲಿ ತೋರಿಸುವ ಕಂಪನಿಯವರು, ಇದನ್ನು ನಿಲ್ಲಿಸದಿದ್ದರೆ ಆಟ ತೋರಿಸುವುದಿಲ್ಲ ಎಂದು ಮೊದಲೇ ಕಾಗದ ಬರೆದಿದ್ದರಂತೆ, ಕೊನೆಗೆ ಓದಿದರು. ಟೀ-ಶರ್ಟ್ ಮಾತ್ರ ಗೇಟಿನ ಹೊರಗೆ ಮಾರಾಟವಾಗುತ್ತಲೇ ಇದೆ, ಮೊದಲಿಗಿಂತ ಜೋರಾಗಿ. ಅದರ ಮೇಲಿರುವುದು ನಿಮ್ಮ ಹೆಸರು. ಪದ ಹೋಯಿತು, ಆ ಜುಟ್ಟು ಬೇಕೆಂದವರಾಗಿ ನೀವು ಉಳಿದಿರಿ.

ಬಾಗಿಲ ಮೇಲಿನ ಫಲಕ ತೆಗೆಯಿರಿ ಎಂದು ಹೇಳಿದೆ. “ಅದಕ್ಕೆಲ್ಲ ಯಾಕೆ ಸಾರ್ ಮನಸ್ಸಿಗೆ ಹಚ್ಕೋತೀರಿ,” ಅಂದ ಡ್ವೇನ್. ಮರುದಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ನಾನೇ ಬಿಚ್ಚಿದೆ. ಬಾಗಿಲಲ್ಲಿ ನಾಲ್ಕು ತೂತು ಉಳಿದಿವೆ.

ಇಂದು ಟೆಲಿಗ್ರಾಫ್ ಕಚೇರಿಗೆ ಹೋಗಿದ್ದೆ. ಸಂಪಾದಕಿ ಪ್ರಿಸಿಲಾ ವೊಯ್ಟ್ ನಾನು ಆ ವರದಿ ಬರೆದ ಮೇಲೆ ಹುಟ್ಟಿದವಳಿರಬೇಕು. ಎರಡನೆಯ ಪುಟದ ಕೆಳಗೆ ತಿದ್ದುಪಡಿ ಹಾಕುತ್ತಾರಲ್ಲ, ಅಲ್ಲಿ ನನ್ನದೊಂದನ್ನು ಹಾಕಿ ಎಂದೆ. ಅಚ್ಚಾದದ್ದಕ್ಕೆ ಅಚ್ಚಿನಲ್ಲೇ ಉತ್ತರ ಕೊಡಬೇಕು, ನನ್ನ ಬಾಯಿಗೆ ಆ ಬಲವಿಲ್ಲ. ಅವಳು ನಗಲಿಲ್ಲ. ಹಳೆಯ ಸಂಚಿಕೆ ತರಿಸಿ ಓದಿದಳು. ಆಮೇಲೆ, “ಸರಿ ಸಾರ್. ತಪ್ಪು ಏನು ಅಂತ ಗೊತ್ತಾಯ್ತು. ಸರಿ ಏನು? ಆ ದಿನ ಅವರು ನಿಜವಾಗಿ ಏನಂದ್ರು?” ಎಂದು ಕೇಳಿದಳು.

 ಇಷ್ಟು ತಿಂಗಳಿಂದ ನಿಮಗೆ ಬರೆಯುತ್ತಿದ್ದೇನೆ, ಇದನ್ನು ಕೇಳಬೇಕೆಂದು ನನಗೆ ತೋಚಿಯೇ ಇರಲಿಲ್ಲ.

ಆ ಮಧ್ಯಾಹ್ನ ನಾನು ಕೆಳಗಿಳಿದು ಬಂದಿದ್ದರೆ, ಏನು ಹೇಳುತ್ತಿದ್ದಿರಿ?

ಆರ್ವಿಡ್ ನೀಮಿ


ರೆಡ್ ಪಾಯಿಂಟ್
ಮೇ 30

ಆರ್ವಿಡ್,

ಒಂದು ತಿಂಗಳು ಈ ಪ್ರಶ್ನೆಯನ್ನು ಕಿಟಕಿಯ ಮೇಲಿಟ್ಟುಕೊಂಡಿದ್ದೆ. ಕೇಳಿದ್ದೀಯ, ಹೇಳುತ್ತೇನೆ.

ಐದನೆಯ ಸುತ್ತಿನಿಂದಲೇ ಮೊಣಕೈಯೊಳಗೆ ಏನೋ ಹರಿಯುತ್ತಿರುವ ಹಾಗಾಗುತ್ತಿತ್ತು. ಬೆರಳು ಜೋಮು ಹಿಡಿದು ಚೆಂಡು ಎಲ್ಲಿಗೆ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಅದಕ್ಕೇ ಅಷ್ಟು ಜನ ಔಟಾದರು, ಅವರಿಗೂ ಗೊತ್ತಾಗುತ್ತಿರಲಿಲ್ಲ. ಮ್ಯಾನೇಜರಿಗೆ ಮೂರು ಸಲ ಹೇಳಿದ್ದೆ. “ಹೆಂಗಸರ ಥರ ಆಡ್ಬೇಡ, ಮಂಗಳವಾರ ಮತ್ತೆ ನೀನೇ,” ಅಂದಿದ್ದ.

ಆಟ ಮುಗಿದ ಮೇಲೆ ಕೈಯನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿ ಅದ್ದಿಕೊಂಡು ಕೂತೆ. ನೀನು ಬರುತ್ತೀಯ ಎಂದು ಗೊತ್ತಿತ್ತು, ದಿನವೂ ಬರುತ್ತಿದ್ದೆ. ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದೆ. ಕೈ ನೋಯುತ್ತಿದೆ, ಎರಡು ವಾರ ಬಿಡುವು ಬೇಕು. ಅದು ಪತ್ರಿಕೆಯಲ್ಲಿ ಬಂದರೆ ಕ್ಲಬ್ಬಿನ ಮೇಲಿನವರು ಓದುತ್ತಾರೆ, ಮ್ಯಾನೇಜರ್ ಕೇಳಲೇಬೇಕಾಗುತ್ತದೆ. ಎಲ್ಲರೂ ಸ್ನಾನ ಮಾಡಿ ಹೋದರು. ಮಂಜು ಕರಗಿ ನೀರಾಯಿತು. ಗುಡಿಸುವವನು ಬಂದು, “ಇನ್ನೂ ಯಾರಿಗೆ ಕಾಯ್ತಿದೀಯ?” ಅಂದ. ಮೆಟ್ಟಿಲ ಕಡೆ ನೋಡಿದೆ. ಆಮೇಲೆ ಎದ್ದು ಹೋದೆ.

ಮಂಗಳವಾರ ಎಸೆದೆ. ಶನಿವಾರ ಎಸೆದೆ. ಮಿಕ್ಕದ್ದು ನಿನಗೆ ಗೊತ್ತು.

ನೀನು ಬಂದಿದ್ದರೆ ಕೈ ಉಳಿಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಯಾರಿಗೆ ಗೊತ್ತು. ನೀನು ಕೇಳಿದೆ, ನಾನು ಹೇಳಿದೆ. ಬೇಕಾದರೆ ಹಾಕು.

ಲೈಲ್


ಸ್ಟೋನ್ ಹಾರ್ಬರ್
ಜೂನ್ 12

ಲೈಲ್,

ಅಚ್ಚಾಗುವ ಮೊದಲು ಬರಹವನ್ನು ಅದರಲ್ಲಿರುವವರಿಗೆ ತೋರಿಸಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ನಲವತ್ತು ವರ್ಷ ಅದನ್ನು ಪಾಲಿಸಿದ್ದೇನೆ ಎಂದು ಹೆಮ್ಮೆಪಟ್ಟುಕೊಂಡಿದ್ದೇನೆ. ಜೊತೆಗಿರುವ ಚೀಟಿಯನ್ನು ಓದಿ, ಸರಿಯಿಲ್ಲದ್ದನ್ನು ಹೊಡೆದುಹಾಕಿ ಕಳಿಸಿ.  ನಿಮ್ಮ ಮೊಣಕೈಯ ಬಗ್ಗೆ ಎರಡು ಹಾಳೆ ಬರೆದು ಹರಿದೆ.

‘1973ರ ಆಗಸ್ಟ್ 12ರ ನಮ್ಮ ಸಂಚಿಕೆಯಲ್ಲಿ, ಜುಟ್ಟುಗಳ ಕುರಿತಾದ ಒಂದು ಮಾತು ಲೈಲ್ ಡೆರಗಾನ್ ಅವರದೆಂದು ತಪ್ಪಾಗಿ ಪ್ರಕಟವಾಗಿತ್ತು. ಅವರು ಹಾಗೆ ಹೇಳಿರಲಿಲ್ಲ. ವರದಿಗಾರ ಆರ್ವಿಡ್ ನೀಮಿ ಇದಕ್ಕಾಗಿ ಹೃತ್ಪೂರ್ವಕವಾಗಿ ವಿಷಾದಿಸುತ್ತಾರೆ.’

ಆರ್ವಿಡ್


ರೆಡ್ ಪಾಯಿಂಟ್
ಜೂನ್ 20

ಆರ್ವಿಡ್,

ಚೀಟಿ ವಾಪಸು ಕಳಿಸಿದ್ದೇನೆ. ರೋಶೆಲ್ ಜೊತೆ ಕೂತು ನೋಡಿದೆ. ಪೆನ್ಸಿಲ್ ಅವಳ ಕೈಯಲ್ಲಿತ್ತು.

‘ತಪ್ಪಾಗಿ ಪ್ರಕಟವಾಗಿತ್ತು’ ಎಂಬುದನ್ನು ಹೊಡೆದಿದ್ದೇವೆ. ತಾನಾಗಿ ಪ್ರಕಟವಾಗಲಿಲ್ಲವಲ್ಲ. ಕೊನೆಯ ವಾಕ್ಯವನ್ನೂ ಹೊಡೆದಿದ್ದೇವೆ. ಅದು ನಿನ್ನ ವಿಷಯ, ಪೇಪರಿನದಲ್ಲ. ಆ ಜಾಗದಲ್ಲಿ ನಾನು ಅಂದು ಹೇಳಬೇಕೆಂದಿದ್ದುದನ್ನು ಹಾಕಿದ್ದೇವೆ. ರೋಶೆಲ್ ಬರೆದಳು, ನಾನು ಹೇಳಿದೆ.

ಅಚ್ಚಾದ ಮೇಲೆ ಒಂದು ಪ್ರತಿ ಕಳಿಸು. ಮಾವನ ಗೋರಿಯ ಹತ್ತಿರ ಓದಬೇಕು.

ಲೈಲ್


ಟೆಲಿಗ್ರಾಫ್, ಭಾನುವಾರ, ಜೂನ್ 30, 2019. ಪುಟ 2

ತಿದ್ದುಪಡಿ

1973ರ ಆಗಸ್ಟ್ 12ರ ಸಂಚಿಕೆಯಲ್ಲಿ ಲೈಲ್ ಡೆರಗಾನ್ ಅವರದೆಂದು ಅಚ್ಚಾದ, ಜುಟ್ಟುಗಳ ಕುರಿತಾದ ಮಾತನ್ನು ನಮ್ಮ ವರದಿಗಾರ ಆರ್ವಿಡ್ ನೀಮಿ ಕಟ್ಟಿ ಬರೆದಿದ್ದರು. ಅಂದು ಅವರು ಡೆರಗಾನ್ ಅವರನ್ನು ಮಾತಾಡಿಸಿರಲಿಲ್ಲ. ಡೆರಗಾನ್ ಅವರ ಮಾತು ಹೀಗಿದೆ: “ನನ್ನ ಕೈ ನೋಯುತ್ತಿದೆ. ಎರಡು ವಾರ ಬಿಡುವು ಬೇಕು.”